ಸಲಹೆಗಾರರು ಹೋದ ಮೇಲೆ ಸಂಸ್ಥೆಯಲ್ಲಿ ಏನು ಉಳಿಯುತ್ತದೆ?

ಮಾನ್ಯ ಸಂಪಾದಕರೇ,

ಜ್ಞಾನ ಆಧಾರಿತ ಆರ್ಥಿಕತೆ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಏನೇ ಬಂದರೂ ನಾನು ಬಿಡದೆ ಓದುತ್ತೇನೆ. ಸ್ಟಾರ್ಟಪ್, ಪೇಟೆಂಟ್, ವಿಶ್ವವಿದ್ಯಾಲಯ, ಸಾಫ್ಟ್‌ವೇರ್, ಈಗ ಎಐ, ಎಲ್ಲದರ ಬಗ್ಗೆಯೂ ಬರುತ್ತದೆ. ಆದರೆ ಒಂದು ದೊಡ್ಡ ವರ್ಗದ ಬಗ್ಗೆ ಮಾತ್ರ ಅಷ್ಟಾಗಿ ಬರುವುದಿಲ್ಲ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ತಲುಪಿಸುವುದೇ ವೃತ್ತಿಯಾಗಿರುವ ಸಲಹೆಗಾರರು, ಅಂದರೆ ಎಲ್ಲರೂ ಕನ್ಸಲ್ಟೆಂಟ್ ಅಂತ ಕರೆಯುವವರು. ಅವರ ಸುದ್ದಿ ಬಂದಾಗಲೂ ಎರಡೇ ತರಹದ ಮಾತು. ಅವರನ್ನು ಕರೆಸಿದರೆ ಎಲ್ಲ ಸರಿಹೋಗುತ್ತದೆ ಅನ್ನುವವರು ಕೆಲವರು, ಸುಮ್ನೆ ದುಡ್ಡು ದಂಡ ಅನ್ನುವವರು ಉಳಿದವರು.

ಸಣ್ಣ ಮತ್ತು ಮಧ್ಯಮ ಕಾರ್ಖಾನೆಗಳಿಗೆ ಗುಣಮಟ್ಟದ ವಿಷಯದಲ್ಲಿ ಸಲಹೆ ಕೊಡುವ ಕೆಲಸವನ್ನು ಬಹಳ ವರ್ಷ ಮಾಡಿದವಳು ನಾನು. ಈ ಎರಡೂ ಮಾತು ನನಗೆ ಒಪ್ಪಿಗೆಯಿಲ್ಲ. ಸಲಹೆಗಾರರು ಬೇಕು, ಖಂಡಿತ ಬೇಕು. ಆದರೆ ಅವರ ಕೆಲಸವನ್ನು ಅಳೆಯುವುದು ರಿಪೋರ್ಟಿನ ಅಂದದಿಂದಲ್ಲ. ಅವರು ಗಂಟುಮೂಟೆ ಕಟ್ಟಿಕೊಂಡು ಹೋದ ಮೇಲೆ ಆ ಸಂಸ್ಥೆಯ ಜನರಿಗೆ ತಾವೇ ಯೋಚಿಸಿ ತಾವೇ ಸರಿಪಡಿಸಿಕೊಳ್ಳುವ ಶಕ್ತಿ ಜಾಸ್ತಿ ಆಯಿತೋ ಕಡಿಮೆ ಆಯಿತೋ, ಅದನ್ನು ನೋಡಬೇಕು. ನಾನು ಬರೆಯಲು ಕೂತಿದ್ದು ಇದಕ್ಕೇ.

ಈ ವೃತ್ತಿ ಹುಟ್ಟಿದ್ದು ಹೇಗೆ ಅಂತ ಸ್ವಲ್ಪ ನೋಡೋಣ. 1886ರಲ್ಲಿ ಅಮೆರಿಕದಲ್ಲಿ ಆರ್ಥರ್ ಡಿ. ಲಿಟಲ್ ಎಂಬ ರಸಾಯನಶಾಸ್ತ್ರಜ್ಞ ಜೊತೆಗಾರರೊಬ್ಬರೊಡನೆ ಒಂದು ಸಂಸ್ಥೆ ಶುರು ಮಾಡಿದರು. ಆಗ ಬಹುತೇಕ ಕಂಪನಿಗಳಿಗೆ ಸ್ವಂತ ಪ್ರಯೋಗಾಲಯ ಇರಲಿಲ್ಲ. ಹಾಗಾಗಿ ಪರೀಕ್ಷೆ ಮಾಡಿ ಹೇಳುವವರು ಹೊರಗಿನಿಂದ ಬೇಕಾಗಿದ್ದರು. 1914ರಲ್ಲಿ ಎಡ್ವಿನ್ ಬೂಜ್, 1926ರಲ್ಲಿ ಲೆಕ್ಕಶಾಸ್ತ್ರದ ಪ್ರಾಧ್ಯಾಪಕ ಜೇಮ್ಸ್ ಮೆಕಿನ್ಸೆ, ಇಬ್ಬರೂ ಷಿಕಾಗೊದಲ್ಲಿ ತಮ್ಮ ತಮ್ಮ ಕಂಪನಿ ಕಟ್ಟಿದರು. ಅಲ್ಲಿಂದ ಮುಂದೆ ಈ ಕೆಲಸ ಬೆಳೆಯುತ್ತಲೇ ಹೋಯಿತು. ಅದೇ ಹೊತ್ತಿಗೆ ಆರ್ಥಿಕತೆಯೂ ಬದಲಾಗುತ್ತಿತ್ತು. ಕೈಗಿಂತ ತಲೆಯಿಂದ ದುಡಿಯುವವರ ಸಂಖ್ಯೆ ಏರುತ್ತಿದೆ ಎಂದು ಪೀಟರ್ ಡ್ರಕರ್ 1950ರ ದಶಕದ ಕೊನೆಯಲ್ಲೇ ಬರೆದರು. ಅವರೂ ಸಲಹೆಗಾರರೇ. 1962ರಲ್ಲಿ ಫ್ರಿಟ್ಜ್ ಮಾಕ್ಲಪ್ ಎಂಬ ಅರ್ಥಶಾಸ್ತ್ರಜ್ಞ ಲೆಕ್ಕ ಹಾಕಿ, 1958ರ ಅಮೆರಿಕದ ರಾಷ್ಟ್ರೀಯ ಉತ್ಪನ್ನದಲ್ಲಿ ಶೇ 29ರಷ್ಟು ಜ್ಞಾನಕ್ಕೆ ಸಂಬಂಧಿಸಿದ ಚಟುವಟಿಕೆಯಿಂದ ಬಂದದ್ದು ಎಂದು ತೋರಿಸಿದರು. 1996ರಲ್ಲಿ ಒಇಸಿಡಿ, ಅಂದರೆ ಬಹುತೇಕ ಮುಂದುವರಿದ ದೇಶಗಳೇ ಇರುವ ಆರ್ಥಿಕ ಒಕ್ಕೂಟ, ಜ್ಞಾನ ಆಧಾರಿತ ಆರ್ಥಿಕತೆ ಎಂಬ ಹೆಸರಿನಲ್ಲೇ ವರದಿ ತಂದಿತು. ಅಷ್ಟು ಹೊತ್ತಿಗೆ ಈ ಮಾತು ಎಲ್ಲ ಸರ್ಕಾರಗಳ ಬಾಯಲ್ಲೂ ಇತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಜ್ಞಾನ ಎಲ್ಲ ಕಡೆ ಸಿಗುತ್ತದೆ, ಪುಸ್ತಕ ಇದೆ, ಇಂಟರ್ನೆಟ್ ಇದೆ. ಹಾಗಿದ್ದ ಮೇಲೆ ಅದನ್ನು ತಲುಪಿಸಲು ಒಬ್ಬ ಮನುಷ್ಯನಿಗೆ ಯಾಕೆ ಇಷ್ಟು ಫೀಸು ಕೊಡಬೇಕು? ಕೊಡಬೇಕು, ಯಾಕೆಂದರೆ ಕೆಲಸಕ್ಕೆ ಬರುವ ತಿಳಿವಳಿಕೆಯಲ್ಲಿ ದೊಡ್ಡ ಪಾಲು ಬರಹಕ್ಕೆ ಸಿಗುವುದಿಲ್ಲ. ಯಂತ್ರದ ಸದ್ದು ಕೇಳಿಯೇ ಬೇರಿಂಗ್ ಹೋಗುತ್ತಿದೆ ಅನ್ನುವ ಫಿಟರ್ ಇರುತ್ತಾರೆ. ಅದು ಹೇಗೆ ಗೊತ್ತಾಯಿತು ಅಂತ ಕೇಳಿದರೆ ಅವರಿಗೆ ಹೇಳಲು ಬರುವುದಿಲ್ಲ. ಮೈಕೆಲ್ ಪೊಲಾನ್ಯಿ ಎಂಬ ಚಿಂತಕ ಇದರ ಬಗ್ಗೆ ಬಹಳ ಬರೆದಿದ್ದಾರೆ. ಇಂಥ ತಿಳಿವಳಿಕೆ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಜೊತೆಯಲ್ಲಿ ನಿಂತು ಕೆಲಸ ಮಾಡಿದಾಗ ಮಾತ್ರ. ಹತ್ತಾರು ಕಡೆ ನೋಡಿ ಬಂದವರು, ನಿಮ್ಮಲ್ಲಿ ಆಗುತ್ತಿರುವುದು ಇಂಥದ್ದು, ಬೇರೆ ಕಡೆ ಇದನ್ನು ಹೀಗೆ ಬಿಡಿಸಿದರು ಅಂತ ಪಕ್ಕದಲ್ಲಿ ನಿಂತು ತೋರಿಸಿದರೆ ಅದಕ್ಕೆ ಬೆಲೆ ಇದೆ.

ಆದರೆ ಈ ಬೆಲೆಯನ್ನು ಮೊದಲೇ ತೂಗಿ ನೋಡುವುದು ಬಹಳ ಕಷ್ಟ. 1962ರಲ್ಲಿ ಕೆನೆತ್ ಆರೋ ಎಂಬ ಅರ್ಥಶಾಸ್ತ್ರಜ್ಞ ಹೇಳಿದ ಮಾತು ಇದು. ಮಾಹಿತಿಯನ್ನು ಕೊಳ್ಳುವವರಿಗೆ ಅದರ ಬೆಲೆ ತಿಳಿಯಬೇಕಾದರೆ ಅದು ಏನು ಅಂತ ಮೊದಲು ತಿಳಿಯಬೇಕು, ತಿಳಿದ ಮೇಲೆ ದುಡ್ಡು ಕೊಡದೆಯೇ ಅದು ಅವರ ಕೈಗೆ ಬಂದಾಯಿತು. ಹಾಗಾಗಿ ಸಲಹೆ ಕೊಳ್ಳುವವರು ಸಲಹೆಯನ್ನು ನೋಡಿ ಕೊಳ್ಳಲು ಆಗುವುದಿಲ್ಲ, ಕೊಡುವವರ ಹೆಸರು ನೋಡಿ ಕೊಳ್ಳುತ್ತಾರೆ. ಕೊಂಡು ಮುಗಿದ ಮೇಲಾದರೂ ಗೊತ್ತಾಗುತ್ತದಾ? ಎಷ್ಟೋ ಸಲ ಆಗಲೂ ಇಲ್ಲ. ಲಾಭ ಏರಿದರೆ ಅದು ಸಲಹೆಯಿಂದಲೋ ಮಾರುಕಟ್ಟೆಯಿಂದಲೋ ಹೇಳುವುದು ಹೇಗೆ? ಈ ವೃತ್ತಿಯ ಒಳ್ಳೆಯದು ಕೆಟ್ಟದ್ದು ಎರಡೂ ಬಹುಮಟ್ಟಿಗೆ ಇಲ್ಲಿಂದಲೇ ಬರುತ್ತವೆ ಅಂತ ನನ್ನ ಅಭಿಪ್ರಾಯ.

ಈ ಅನುಮಾನವನ್ನು ಸರಿಯಾಗಿ ಪರೀಕ್ಷೆ ಮಾಡಿ ನೋಡಿದವರೂ ಇದ್ದಾರೆ. ನಿಕೊಲಸ್ ಬ್ಲೂಮ್ ಎಂಬ ಅರ್ಥಶಾಸ್ತ್ರಜ್ಞ ಮತ್ತು ಅವರ ಸಹ ಸಂಶೋಧಕರು ಮುಂಬೈ ಹತ್ತಿರದ ಜವಳಿ ಕಾರ್ಖಾನೆಗಳಲ್ಲಿ ಮಾಡಿದ ಪ್ರಯೋಗ ನನಗೆ ತುಂಬ ಇಷ್ಟ. ಅದರ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. 17 ಸಂಸ್ಥೆಗಳ 28 ಕಾರ್ಖಾನೆಗಳು ಅದರಲ್ಲಿದ್ದವು. ಅಂತರರಾಷ್ಟ್ರೀಯ ಕನ್ಸಲ್ಟಿಂಗ್ ಕಂಪನಿಯೊಂದರ ಸಲಹೆಗಾರರನ್ನು ಫೀಸಿಲ್ಲದೆ ಅಲ್ಲಿಗೆ ಕಳಿಸಿದರು. ಎಲ್ಲ ಕಡೆ ಒಂದು ತಿಂಗಳು ಬರೀ ಪರಿಶೀಲನೆ. ಆಮೇಲೆ ಚೀಟಿ ಎತ್ತಿದ ಹಾಗೆ ಆಯ್ದ ಕೆಲವು ಕಾರ್ಖಾನೆಗಳಲ್ಲಿ ಮಾತ್ರ ಇನ್ನೂ ನಾಲ್ಕು ತಿಂಗಳು ಜೊತೆಯಲ್ಲೇ ನಿಂತು ಜಾರಿ ಮಾಡಿಸಿದರು. ಉಳಿದವನ್ನು ಹೋಲಿಸಿ ನೋಡಲು ಬಿಟ್ಟರು.

ಅಲ್ಲಿ ಹೇಳಿಕೊಟ್ಟದ್ದು ಏನು ಗೊತ್ತಾ? ದೊಡ್ಡ ತಂತ್ರಜ್ಞಾನ ಯಾವುದೂ ಅಲ್ಲ. ಒಟ್ಟು 38 ಪದ್ಧತಿಗಳು. ಯಂತ್ರಗಳಿಗೆ ಕೆಡುವ ಮೊದಲೇ ಸರ್ವಿಸ್ ಮಾಡುವುದು. ಬಟ್ಟೆಯಲ್ಲಿ ಬಂದ ದೋಷವನ್ನು ಬರೆದಿಟ್ಟು, ಯಾವ ಮಗ್ಗದಲ್ಲಿ ಯಾಕೆ ಬಂತು ಅಂತ ಪ್ರತಿದಿನ ಕೂತು ನೋಡುವುದು. ನೂಲಿನ ದಾಸ್ತಾನಿಗೆ ಚೀಟಿ ಅಂಟಿಸಿ ಲೆಕ್ಕ ಇಡುವುದು. ಬಿಡಿಭಾಗಗಳನ್ನು ರಾಶಿ ಹಾಕದೆ ಜೋಡಿಸುವುದು. ಇಷ್ಟೇ. ಮೊದಲ ವರ್ಷದಲ್ಲೇ ಉತ್ಪಾದಕತೆ ಶೇ 17ರಷ್ಟು ಏರಿತು. ಮೂರು ವರ್ಷದೊಳಗೆ ಆ ಸಂಸ್ಥೆಗಳು ಹೊಸ ಘಟಕಗಳನ್ನೂ ತೆರೆದವು.

ಇಷ್ಟು ಸುಲಭವಾದದ್ದನ್ನು ಅವರೇ ಯಾಕೆ ಮಾಡಿಕೊಂಡಿರಲಿಲ್ಲ? ನನಗೆ ಮುಖ್ಯ ಅನಿಸಿದ್ದು ಇದು. ಮಾಲೀಕರು ಸೋಮಾರಿಗಳಲ್ಲ, ದಡ್ಡರೂ ಅಲ್ಲ. ಕೆಲವು ಪದ್ಧತಿಗಳ ಹೆಸರೇ ಕೇಳಿರಲಿಲ್ಲ. ಕೇಳಿದ್ದರೂ ನಮಗೆ ಅದರ ಅಗತ್ಯ ಇಲ್ಲ ಅಂದುಕೊಂಡಿದ್ದರು. ಸುತ್ತಮುತ್ತಲಿನ ಎಲ್ಲರ ಗುಣಮಟ್ಟವೂ ಹಾಗೇ ಇದೆ, ಲಾಭವೂ ಬರುತ್ತಿದೆ, ಮತ್ತೇನು ಬೇಕು ಅನ್ನುವ ನಂಬಿಕೆ. ಹೊರಗಿನವರ ಕಣ್ಣು ಬೇಕಾಗುವುದು ಇಂಥ ಕಡೆ. ನಾನು ಹೋದ ಕಾರ್ಖಾನೆಗಳಲ್ಲೂ ಇದನ್ನೇ ಕಂಡಿದ್ದೇನೆ. ದೋಷದ ರಿಜಿಸ್ಟರ್ ಇರುತ್ತದೆ, ಪ್ರತಿ ಪಾಳಿಯಲ್ಲೂ ತುಂಬಿಸುತ್ತಾರೆ, ಆದರೆ ಅದನ್ನು ತೆರೆದು ಓದುವವರು ಯಾರೂ ಇರುವುದಿಲ್ಲ. ಓದಿದರೆ ಉತ್ತರ ಅಲ್ಲೇ ಸಿಗುತ್ತದೆ. ಮೂರನೇ ಪಾಳಿಯ ಸೂಪರ್‌ವೈಸರ್‌ಗೆ ಆ ಉತ್ತರ ಮೊದಲೇ ಗೊತ್ತಿರುತ್ತದೆ, ಆದರೆ ಅವರನ್ನು ಮೀಟಿಂಗಿಗೆ ಕರೆದಿರುವುದಿಲ್ಲ. ಇಂಥವರ ಮಾತು ಮೇಲಿನವರಿಗೆ ಕೇಳುವ ಹಾಗೆ ಮಾಡುವುದೇ ನನ್ನ ಕೆಲಸದಲ್ಲಿ ಮುಕ್ಕಾಲು ಭಾಗ.

ಆ ಪ್ರಯೋಗ ಅಷ್ಟಕ್ಕೆ ಮುಗಿಯಲಿಲ್ಲ. ಅದೇ ಸಂಶೋಧಕರು ಎಂಟೊಂಬತ್ತು ವರ್ಷದ ನಂತರ ಅಲ್ಲಿಗೆ ಮತ್ತೆ ಹೋಗಿ ನೋಡಿದರು. ಕಲಿತ ಪದ್ಧತಿಗಳಲ್ಲಿ ಸುಮಾರು ಅರ್ಧ ಬಿಟ್ಟುಹೋಗಿದ್ದವು. ಆದರೂ ಸಲಹೆ ಪಡೆದ ಕಾರ್ಖಾನೆಗಳು ಪಡೆಯದವುಗಳಿಗಿಂತ ಇನ್ನೂ ಮುಂದೆಯೇ ಇದ್ದವು. ಬಿಟ್ಟುಹೋಗಲು ಕಾರಣ ಏನು? ಕಾರ್ಖಾನೆಯ ಮ್ಯಾನೇಜರ್ ಬದಲಾದದ್ದು, ಮಾಲೀಕರಿಗೆ ಗಮನ ಕೊಡಲು ಪುರುಸೊತ್ತು ಇಲ್ಲದ್ದು. ಅಂದರೆ ತಿಳಿವಳಿಕೆ ಒಬ್ಬರ ತಲೆಯಲ್ಲಿ ಕೂತಿತ್ತು, ಅವರು ಹೋದಾಗ ಅವರ ಜೊತೆ ಅದೂ ಹೋಯಿತು. ಸಲಹೆಗಾರರು ಕಲಿಸಿದರೆ ಸಾಲದು, ಒಳಗಿನವರಿಂದ ಒಳಗಿನವರಿಗೆ ಕಲಿಸುವ ದಾರಿಯನ್ನೂ ಹಾಕಿ ಹೋಗಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ನನಗೆ ಕಾಣುವುದಿಲ್ಲ. ಮೆಕ್ಸಿಕೊದ ಪುವೆಬ್ಲಾದಲ್ಲೂ ಇಂಥ ಪ್ರಯೋಗ ಆಗಿದೆ. 432 ಸಣ್ಣ ಮತ್ತು ಮಧ್ಯಮ ಉದ್ಯಮಗಳಲ್ಲಿ 150ಕ್ಕೆ ಒಂದು ವರ್ಷ ಸ್ಥಳೀಯ ಸಲಹೆಗಾರರನ್ನು ರಿಯಾಯಿತಿ ಫೀಸಿನಲ್ಲಿ ಕೊಟ್ಟರು. ವರ್ಷಗಳ ನಂತರ ನೋಡಿದರೆ ಸಲಹೆ ಪಡೆದ ಉದ್ಯಮಗಳಲ್ಲಿ ಕೆಲಸಗಾರರ ಸಂಖ್ಯೆ ಹೆಚ್ಚಿತ್ತು. ಅಲ್ಲಿ ಹೋದವರು ದೊಡ್ಡ ಹೆಸರಿನವರಲ್ಲ, ಅದೇ ಊರಿನ ಸಲಹೆಗಾರರು ಅನ್ನುವುದನ್ನು ಗಮನಿಸಬೇಕು.

ಸಲಹೆಗಾರ ಅಂದರೆ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನನಗೆ ಇಬ್ಬರು ನೆನಪಾಗುತ್ತಾರೆ. ಒಬ್ಬರು ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಎಡ್ವರ್ಡ್ಸ್ ಡೆಮಿಂಗ್. 1950ರಲ್ಲಿ ಜಪಾನಿನ ವಿಜ್ಞಾನಿಗಳ ಮತ್ತು ಎಂಜಿನಿಯರುಗಳ ಒಕ್ಕೂಟ ಅವರನ್ನು ಕರೆಸಿ ಗುಣಮಟ್ಟ ನಿಯಂತ್ರಣದ ಪಾಠ ಮಾಡಿಸಿತು. ಯುದ್ಧದಿಂದ ಕುಸಿದಿದ್ದ ದೇಶ ಅದು, ಜಪಾನಿನ ಮಾಲು ಅಂದರೆ ಅಗ್ಗದ ಮಾಲು ಅನ್ನುವ ಹೆಸರು ಆಗ. ಎಂಜಿನಿಯರುಗಳಿಗೆ ಪಾಠ ಮಾಡಿದ ಅವರು ಕಂಪನಿಗಳ ಮುಖ್ಯಸ್ಥರನ್ನೂ ಕೂರಿಸಿಕೊಂಡು ಹೇಳಿದರು, ಯಾಕೆಂದರೆ ಮೇಲಿನವರಿಗೆ ಅರ್ಥವಾಗದೆ ಕೆಳಗಿನವರು ಏನು ಮಾಡಿದರೂ ನಿಲ್ಲುವುದಿಲ್ಲ. ತಮ್ಮ ಉಪನ್ಯಾಸಗಳ ಪುಸ್ತಕದಿಂದ ಬಂದ ಗೌರವಧನವನ್ನು ಅವರು ಒಕ್ಕೂಟಕ್ಕೇ ಬಿಟ್ಟುಕೊಟ್ಟರು, ಆ ಹಣದಿಂದ 1951ರಲ್ಲಿ ಅವರ ಹೆಸರಿನ ಪ್ರಶಸ್ತಿ ಶುರುವಾಯಿತು. ನಾನು ಹೆಚ್ಚು ಮೆಚ್ಚುವುದು ಆಮೇಲೆ ಆದದ್ದನ್ನು. ಜಪಾನಿನವರು ಆ ಪಾಠವನ್ನು ತಮ್ಮದಾಗಿಸಿಕೊಂಡರು. 1962ರಲ್ಲಿ ಕವೊರು ಇಶಿಕಾವ ಅವರ ನೇತೃತ್ವದಲ್ಲಿ ಕೆಲಸಗಾರರೇ ಗುಂಪು ಕಟ್ಟಿಕೊಂಡು ತಮ್ಮ ಕೆಲಸದ ತೊಂದರೆಗಳನ್ನು ತಾವೇ ಬಿಡಿಸುವ ಗುಣಮಟ್ಟ ವೃತ್ತಗಳು ಶುರುವಾದವು. ಅದು ಡೆಮಿಂಗ್ ಹೇಳಿಕೊಟ್ಟದ್ದಲ್ಲ. ಅವರು ಹಾಕಿದ ಅಡಿಪಾಯದ ಮೇಲೆ ಅಲ್ಲಿಯವರೇ ಕಟ್ಟಿದ್ದು.

ಇನ್ನೊಬ್ಬರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯ. 1908ರ ಸೆಪ್ಟೆಂಬರ್‌ನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಸತ್ತರು. ಮುಂಬೈ ಸರ್ಕಾರದ ಸೇವೆ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಸಲಹೆಗಾರ ಎಂಜಿನಿಯರ್ ಆಗಿ ಕರೆಸಿತು. ನಗರದೊಳಗೆ ಗೋಡೆ ಎತ್ತರಿಸಿ ಕೈತೊಳೆದುಕೊಳ್ಳದೆ ಅವರು ಮೇಲ್ಗಡೆಗೆ ಹೋಗಿ ನೀರು ಎಲ್ಲಿಂದ ಎಷ್ಟು ಬರುತ್ತದೆ ಅಂತ ನೋಡಿದರು. ನಗರಕ್ಕೆ ಬರುವ ಮೊದಲೇ ಪ್ರವಾಹವನ್ನು ತಡೆಯುವ ಜಲಾಶಯಗಳನ್ನು ಸೂಚಿಸಿದರು. 1909ರಲ್ಲೇ ಅವರು ಮೈಸೂರಿಗೆ ಚೀಫ್ ಎಂಜಿನಿಯರ್ ಆಗಿ ಹೋದರು. ಆದರೂ ಕೆಲಸ ನಿಲ್ಲಲಿಲ್ಲ. ಅಲ್ಲಿಯ ಎಂಜಿನಿಯರುಗಳು ಮುಂದುವರಿಸಿದರು, ಉಸ್ಮಾನ್ ಸಾಗರ 1920ರಲ್ಲಿ ಮುಗಿಯಿತು, ಹಿಮಾಯತ್ ಸಾಗರ 1920ರ ದಶಕದಲ್ಲೇ ಆಯಿತು. ಸಲಹೆ ಕೊಟ್ಟವರು ಎದುರಿಗೆ ಇಲ್ಲದಿದ್ದರೂ ಕೆಲಸ ನಡೆಯಿತು ಅಂದರೆ ಸಲಹೆ ಸರಿಯಾಗಿ ತಲುಪಿತ್ತು ಅಂತ ಅರ್ಥ ಅಲ್ವಾ?

ಇನ್ನೊಂದು ಮುಖವನ್ನೂ ಹೇಳಲೇಬೇಕು. ಇದನ್ನು ಬರೆಯುವಾಗ ನನಗೆ ನೋವಾಗುತ್ತದೆ, ಯಾಕೆಂದರೆ ಇದು ನಾನು ಪ್ರೀತಿಸುವ ವೃತ್ತಿ.

ದಕ್ಷಿಣ ಆಫ್ರಿಕಾದ ತೆರಿಗೆ ಇಲಾಖೆ ಒಂದು ಕಾಲದಲ್ಲಿ ಜಗತ್ತಿನಲ್ಲೇ ಒಳ್ಳೆಯ ಹೆಸರು ಪಡೆದಿತ್ತು. 2015ರ ಸುಮಾರಿಗೆ ಅದನ್ನು ಪುನರ್ರಚನೆ ಮಾಡುವ ಕೆಲಸದಲ್ಲಿ ಬೈನ್ ಎಂಬ ಅಂತರರಾಷ್ಟ್ರೀಯ ಕನ್ಸಲ್ಟಿಂಗ್ ಕಂಪನಿ ಸೇರಿಕೊಂಡಿತು. ದೊಡ್ಡ ಕಂಪನಿಗಳ ತೆರಿಗೆಯನ್ನು ನೋಡಿಕೊಳ್ಳುತ್ತಿದ್ದ ವಿಶೇಷ ಘಟಕವನ್ನೇ ಒಡೆದು ಹಾಕಲಾಯಿತು. ಅನುಭವಿ ಅಧಿಕಾರಿಗಳು ಇಲಾಖೆ ಬಿಟ್ಟರು. 2018ರಲ್ಲಿ ನ್ಯಾಯಮೂರ್ತಿ ನ್ಯೂಜೆಂಟ್ ಅವರ ತನಿಖಾ ಆಯೋಗ ಇದನ್ನೆಲ್ಲ ಬಿಚ್ಚಿಟ್ಟಿತು. ಕಂಪನಿ ಪಡೆದ ಫೀಸನ್ನು ವಾಪಸ್ ಕೊಟ್ಟಿತು. 2022ರಲ್ಲಿ ಬ್ರಿಟನ್ ಸರ್ಕಾರ ಅದನ್ನು ತನ್ನ ಗುತ್ತಿಗೆಗಳಿಂದ ಹೊರಗಿಟ್ಟಿತು. ಆದರೆ ಫೀಸು ವಾಪಸ್ ಬಂದರೆ ಚದುರಿಹೋದ ತಿಳಿವಳಿಕೆ ವಾಪಸ್ ಬರುತ್ತದಾ? ಒಂದು ದೊಡ್ಡ ಕಂಪನಿಯ ಲೆಕ್ಕಪತ್ರ ನೋಡಿ ತೆರಿಗೆ ಎಲ್ಲಿ ತಪ್ಪಿಸಿದ್ದಾರೆ ಅಂತ ಹಿಡಿಯುವ ಅಧಿಕಾರಿ ತಯಾರಾಗಲು ವರ್ಷಗಳೇ ಬೇಕು. ಅಂಥವರ ತಂಡ ಒಡೆಯಲು ಒಂದು ಆದೇಶ ಸಾಕು. ಜ್ಞಾನ ಆಧಾರಿತ ಆರ್ಥಿಕತೆಯಲ್ಲಿ ಇದಕ್ಕಿಂತ ದೊಡ್ಡ ನಷ್ಟ ಯಾವುದು ಅಂತ ನನಗೆ ಗೊತ್ತಿಲ್ಲ.

ಆಸ್ಟ್ರೇಲಿಯಾದಲ್ಲಿ ಆದದ್ದು ಬೇರೆ ತರಹ. ಬಹುರಾಷ್ಟ್ರೀಯ ಕಂಪನಿಗಳು ತೆರಿಗೆ ತಪ್ಪಿಸದಂತೆ ಕಾನೂನು ಮಾಡಲು ಸರ್ಕಾರ ಪಿಡಬ್ಲ್ಯುಸಿ ಎಂಬ ಆಡಿಟ್ ಮತ್ತು ಸಲಹಾ ಕಂಪನಿಯ ಪಾಲುದಾರರೊಬ್ಬರ ಸಲಹೆ ಕೇಳಿತು. ಗುಟ್ಟು ಕಾಪಾಡುತ್ತೇನೆ ಅಂತ ಅವರು ಸಹಿಯನ್ನೂ ಹಾಕಿದ್ದರು. ಆ ಗುಟ್ಟು ಕಂಪನಿಯೊಳಗೆ ಹರಿದಾಡಿತು, ಅದನ್ನು ಬಳಸಿ ಗಿರಾಕಿಗಳನ್ನು ಹುಡುಕುವ ಕೆಲಸ ನಡೆಯಿತು. 2023ರಲ್ಲಿ ಇದು ಬಯಲಾದಾಗ ಕಂಪನಿ ತನ್ನ ಸರ್ಕಾರಿ ಸಲಹಾ ವಿಭಾಗವನ್ನೇ ಒಂದು ಡಾಲರಿಗೆ ಮಾರಬೇಕಾಯಿತು. ಒಂದೇ ವಿಷಯದಲ್ಲಿ ಕಾನೂನು ಬರೆಯುವವರಿಗೂ ಅದನ್ನು ದಾಟಲು ಹವಣಿಸುವವರಿಗೂ ಒಂದೇ ಸಂಸ್ಥೆ ಸಲಹೆ ಕೊಟ್ಟರೆ ಇನ್ನೇನಾಗುತ್ತದೆ? ಇದು ಹೊಸ ಪಾಠವೂ ಅಲ್ಲ. 2000ದಲ್ಲಿ ಅಮೆರಿಕದ ಎನ್ರಾನ್ ಎಂಬ ಇಂಧನ ಕಂಪನಿಯಿಂದ ಆರ್ಥರ್ ಆಂಡರ್ಸನ್ ಎಂಬ ಲೆಕ್ಕ ತಪಾಸಣಾ ಕಂಪನಿ ಆಡಿಟ್‌ಗೆ 2.5 ಕೋಟಿ ಡಾಲರ್ ಪಡೆದಿತ್ತು, ಸಲಹೆ ಮತ್ತು ಇತರ ಕೆಲಸಕ್ಕೆ 2.7 ಕೋಟಿ. ಲೆಕ್ಕ ತಪಾಸಣೆ ಮಾಡುವವರಿಗೆ ತಪಾಸಣೆಗಿಂತ ಸಲಹೆಯಿಂದ ಜಾಸ್ತಿ ದುಡ್ಡು ಬರುತ್ತಿದ್ದರೆ ಅವರು ಯಾವ ಧೈರ್ಯದಿಂದ ತಪ್ಪು ಎತ್ತಿ ತೋರಿಸುತ್ತಾರೆ? ಮುಂದಿನ ವರ್ಷ ಎನ್ರಾನ್ ಮುಳುಗಿತು, ಅದರ ಹಿಂದೆಯೇ ಆಂಡರ್ಸನ್ ಕೂಡ ಹೋಯಿತು. 2002ರಲ್ಲಿ ಅಮೆರಿಕ ಕಾನೂನು ತಂದು, ಆಡಿಟ್ ಮಾಡುವ ಕಂಪನಿಯು ಅದೇ ಗಿರಾಕಿಗೆ ಹಲವು ತರಹದ ಸಲಹಾ ಸೇವೆ ಕೊಡುವುದನ್ನು ನಿಷೇಧಿಸಿತು.

ಇವು ಸುದ್ದಿಯಾದ ಹಗರಣಗಳು. ಸುದ್ದಿಯಾಗದೆ ನಿಧಾನಕ್ಕೆ ಆಗುವ ಹಾನಿ ಇನ್ನೊಂದಿದೆ, ನನಗೆ ಅದರದೇ ಹೆಚ್ಚು ಚಿಂತೆ. ಫ್ರಾನ್ಸಿನ ಸೆನೆಟ್ 2022ರ ಮಾರ್ಚ್‌ನಲ್ಲಿ ಒಂದು ವರದಿ ಕೊಟ್ಟಿತು. 2021ರಲ್ಲಿ ಅಲ್ಲಿಯ ಸರ್ಕಾರ ಮತ್ತು ಅದರ ಸಂಸ್ಥೆಗಳು ಸಲಹೆಗಾರರಿಗೆ 100 ಕೋಟಿ ಯೂರೊಗಿಂತ ಜಾಸ್ತಿ ಖರ್ಚು ಮಾಡಿದ್ದವು. ಸಚಿವಾಲಯಗಳ ಖರ್ಚು 2018ರಿಂದೀಚೆಗೆ ದುಪ್ಪಟ್ಟಿಗಿಂತ ಹೆಚ್ಚಾಗಿತ್ತು. ಪರಿಣತ ಅಧಿಕಾರಿಗಳು ಇರುವ ದೇಶ ಅದು. ಅಂಥ ಕಡೆಯೇ ಹೀಗಾದರೆ ಯೋಚಿಸಿ. ಒಂದು ಇಲಾಖೆ ಮೊದಲ ಸಲ ಕೆಲಸವನ್ನು ಹೊರಗೆ ಕೊಡುತ್ತದೆ, ಯಾಕೆಂದರೆ ಜನ ಸಾಲದು. ಕೊಟ್ಟ ಮೇಲೆ ಒಳಗಿನವರಿಗೆ ಆ ಕೆಲಸದ ರೂಢಿ ತಪ್ಪುತ್ತದೆ. ಮುಂದಿನ ಸಲ ಹೊರಗೆ ಕೊಡುವುದು ಬಿಟ್ಟು ಬೇರೆ ದಾರಿ ಇರುವುದಿಲ್ಲ. ಇನ್ನೂ ಮುಂದೆ ಹೋದರೆ ಬಂದ ರಿಪೋರ್ಟ್ ಸರಿಯೋ ತಪ್ಪೋ ಅಂತ ನೋಡಿ ಹೇಳುವವರೂ ಒಳಗೆ ಉಳಿಯುವುದಿಲ್ಲ. ಆಮೇಲೆ ರಿಪೋರ್ಟ್ ಪರಿಶೀಲಿಸಲು ಇನ್ನೊಬ್ಬ ಸಲಹೆಗಾರ. ನಡೆಯುವುದನ್ನೇ ಬಿಟ್ಟ ಕಾಲಿನ ಸ್ಥಿತಿ ಅದು.

ಕೆಲವು ಕಡೆ ಮೇಲಿನವರು ಮೊದಲೇ ತೀರ್ಮಾನ ಮಾಡಿ ಆಗಿರುತ್ತದೆ. ಇಂತಿಷ್ಟು ಜನರನ್ನು ಕೆಲಸದಿಂದ ತೆಗೆಯಬೇಕು, ಆದರೆ ಆ ಮಾತನ್ನು ಹೇಳಲು ಧೈರ್ಯ ಇಲ್ಲ. ಹಾಗಾಗಿ ಸಲಹೆಗಾರರನ್ನು ಕರೆಸಿ ಅವರ ಬಾಯಿಂದ ಹೇಳಿಸುತ್ತಾರೆ. ನನಗೂ ಇಂಥ ಕೆಲಸ ಬಂದಿತ್ತು, ಒಲ್ಲೆ ಅಂದೆ. ತೀರ್ಮಾನ ತೆಗೆದುಕೊಳ್ಳುವುದು ಅಧಿಕಾರದಲ್ಲಿ ಇರುವವರ ಹೊಣೆ. ಅದರ ಪರಿಣಾಮಕ್ಕೆ ಉತ್ತರ ಹೇಳಬೇಕಾದವರೂ ಅವರೇ. ಆ ಹೊಣೆಯನ್ನು ಫೀಸು ಕೊಟ್ಟು ಬೇರೆಯವರ ತಲೆಗೆ ಕಟ್ಟಲು ಆಗಬಾರದು.

ಈಗ ಎಐ ಬಂದ ಮೇಲೆ ಸಲಹೆಗಾರರ ಕಥೆ ಮುಗಿಯಿತು ಅನ್ನುವವರಿದ್ದಾರೆ. ನನಗೆ ಹಾಗೆ ಅನಿಸುವುದಿಲ್ಲ. 2023ರಲ್ಲಿ ಹಾರ್ವರ್ಡ್ ಮತ್ತಿತರ ಕಡೆಯ ಸಂಶೋಧಕರು ಬಿಸಿಜಿ ಎಂಬ ಕನ್ಸಲ್ಟಿಂಗ್ ಕಂಪನಿಯ 758 ಸಲಹೆಗಾರರ ಮೇಲೆ ಪ್ರಯೋಗ ಮಾಡಿದರು. ಎಐಗೆ ಹೊಂದುವ ಕೆಲಸಗಳಲ್ಲಿ ಅದನ್ನು ಬಳಸಿದವರು ಶೇ 25ರಷ್ಟು ಬೇಗ ಮುಗಿಸಿದರು, ಗುಣಮಟ್ಟವೂ ಹೆಚ್ಚಿತ್ತು. ಆದರೆ ನೋಡಲು ಸುಲಭ ಅನಿಸಿ ಒಳಗೆ ತೊಡಕಿದ್ದ ಒಂದು ಸಮಸ್ಯೆಯಲ್ಲಿ, ಎಐ ಬಳಸಿದವರು ಸರಿ ಉತ್ತರ ಕೊಟ್ಟದ್ದು ಬಳಸದವರಿಗಿಂತ 19 ಶೇಕಡಾ ಅಂಶದಷ್ಟು ಕಡಿಮೆ. ಇನ್ನು 2025ರಲ್ಲಿ ಆಸ್ಟ್ರೇಲಿಯಾ ಸರ್ಕಾರದ ಇಲಾಖೆಯೊಂದಕ್ಕೆ ಡೆಲಾಯ್ಟ್ ಎಂಬ ಸಲಹಾ ಕಂಪನಿ ಕೊಟ್ಟ ರಿಪೋರ್ಟ್ ನೋಡಿ. ಸುಮಾರು 4.4 ಲಕ್ಷ ಆಸ್ಟ್ರೇಲಿಯನ್ ಡಾಲರ್ ಕೆಲಸ ಅದು. ಇಲ್ಲದ ಸಂಶೋಧನೆಗಳ ಹೆಸರು, ನ್ಯಾಯಾಲಯ ಹೇಳದ ಮಾತು ಅದರಲ್ಲಿ ಸೇರಿಕೊಂಡಿದ್ದವು. ಅದನ್ನು ಹಿಡಿದದ್ದು ದುಡ್ಡು ಕೊಟ್ಟ ಇಲಾಖೆಯಲ್ಲ, ಆ ವಿಷಯ ಬಲ್ಲ ಒಬ್ಬ ವಿಶ್ವವಿದ್ಯಾಲಯದ ಸಂಶೋಧಕರು. ಕಂಪನಿ ಎಐ ಬಳಸಿದ್ದನ್ನು ಒಪ್ಪಿಕೊಂಡು ಹಣದ ಒಂದು ಭಾಗ ಹಿಂತಿರುಗಿಸಿತು. ರಿಪೋರ್ಟ್ ಬರೆಯುವುದು ಇನ್ನು ಮುಂದೆ ಅಗ್ಗ ಆಗುತ್ತದೆ. ಅದನ್ನು ಓದಿ ಇದು ತಪ್ಪು ಅನ್ನಬಲ್ಲವರು ಒಳಗೆ ಇರುವುದು ಇನ್ನಷ್ಟು ಮುಖ್ಯವಾಗುತ್ತದೆ.

ಹಾಗಾದರೆ ಏನು ಮಾಡಬೇಕು? ಡಾಕ್ಟರು, ವಕೀಲರಿಗೆ ಇರುವಂತೆ ಸಲಹೆಗಾರರಿಗೂ ಲೈಸೆನ್ಸ್ ಬೇಕು ಅಂತ ಕೆಲವರು ಹೇಳುತ್ತಾರೆ. ಈಗ ಯಾರು ಬೇಕಾದರೂ ನಾನು ಮ್ಯಾನೇಜ್‌ಮೆಂಟ್ ಕನ್ಸಲ್ಟೆಂಟ್ ಅಂತ ಬೋರ್ಡ್ ಹಾಕಿಕೊಳ್ಳಬಹುದು, ಅದು ನಿಜ. ಸ್ವಇಚ್ಛೆಯಿಂದ ಪಡೆಯುವ ಸಿಎಂಸಿ ಎಂಬ ಅಂತರರಾಷ್ಟ್ರೀಯ ಪ್ರಮಾಣಪತ್ರ ಇದೆ. 2017ರಲ್ಲಿ ಬಂದ ಐಎಸ್ಒ 20700 ಎಂಬ ಮಾರ್ಗದರ್ಶಿ ಇದೆ. ಎರಡೂ ಒಳ್ಳೆಯವೇ. ಆದರೆ ಲೈಸೆನ್ಸಿನಿಂದ ನನಗೆ ದೊಡ್ಡ ನಿರೀಕ್ಷೆ ಇಲ್ಲ. ಮೇಲೆ ಹೇಳಿದ ಹಗರಣಗಳಲ್ಲಿ ಇದ್ದವರಿಗೆ ಅರ್ಹತೆ ಕಡಿಮೆ ಇರಲಿಲ್ಲ, ದೊಡ್ಡ ದೊಡ್ಡ ಕಡೆ ಓದಿದವರೇ. ಬದಲಾಗಬೇಕಾದದ್ದು ಅವರನ್ನು ಕರೆಸುವ ರೀತಿ.

ನಾನು ಕೆಲಸ ಒಪ್ಪಿಕೊಳ್ಳುವಾಗ ಮೊದಲು ಕೇಳುವುದು, ನನ್ನ ಜೊತೆ ನಿಮ್ಮ ಕಡೆಯಿಂದ ಯಾರು ಇರುತ್ತಾರೆ ಅಂತ. ಹೆಸರು ಬೇಕು. ಬಿಡುವಿದ್ದಾಗ ಬರುವವರು ಬೇಡ, ಅದನ್ನೇ ಕೆಲಸವಾಗಿ ಮಾಡುವ ಒಬ್ಬರಾದರೂ ಬೇಕು. ಕೊನೆಯ ವಾರಗಳಲ್ಲಿ ಎಲ್ಲ ಲೆಕ್ಕವನ್ನೂ ಅವರೇ ಮಾಡಬೇಕು, ನಾನು ಪಕ್ಕದಲ್ಲಿ ಕೂತು ನೋಡುತ್ತೇನೆ. ಮಾಹಿತಿ, ಲೆಕ್ಕದ ಹಾಳೆ, ಅದರ ಹಿಂದಿನ ಸೂತ್ರ ಎಲ್ಲವೂ ಸಂಸ್ಥೆಯದ್ದೇ ಆಗಬೇಕು. ಇದನ್ನು ಕರಾರಿನಲ್ಲೇ ಬರೆಸಿ ಅಂತ ನಾನೇ ಹೇಳುತ್ತೇನೆ. ದೊಡ್ಡ ಕಂಪನಿಗಳಲ್ಲಿ ಇನ್ನೊಂದು ತೊಂದರೆ ಇದೆ. ಪ್ರೆಸೆಂಟೇಷನ್ ಕೊಡಲು ತಲೆ ನರೆತ ಪಾಲುದಾರರು ಬರುತ್ತಾರೆ, ಕೆಲಸಕ್ಕೆ ಆಗಷ್ಟೇ ಕಾಲೇಜು ಮುಗಿಸಿದ ಹುಡುಗ ಹುಡುಗಿಯರು ಬರುತ್ತಾರೆ. ಆ ಮಕ್ಕಳು ಜಾಣರು, ರಾತ್ರಿ ಹಗಲು ದುಡಿಯುತ್ತಾರೆ, ಅವರ ಮೇಲೆ ನನಗೆ ಗೌರವವೇ. ಆದರೆ ಅನುಭವಕ್ಕೆ ದುಡ್ಡು ಕೊಟ್ಟವರಿಗೆ ಅನುಭವ ಸಿಗಬೇಕು. ಯಾರು ಎಷ್ಟು ದಿನ ಬರುತ್ತಾರೆ ಅನ್ನುವುದು ಕರಾರಿನಲ್ಲಿ ಇರಲಿ. ಅದೇ ಕ್ಷೇತ್ರದಲ್ಲಿ ಬೇರೆ ಯಾರ ಕೆಲಸ ಮಾಡುತ್ತಿದ್ದೀರಿ ಅನ್ನುವುದನ್ನೂ ಬರೆದು ಕೊಡಲಿ. ಫೀಸಿನ ಒಂದು ಪಾಲನ್ನು ತಡೆಹಿಡಿದು, ಒಂದು ವರ್ಷ ಕಳೆದ ಮೇಲೆ ಬಂದು ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಅಂತ ಜೊತೆಯಲ್ಲಿ ಕೂತು ನೋಡಿದ ಮೇಲೆ ಕೊಡಲಿ. ಒಳ್ಳೆಯ ಸಲಹೆಗಾರರು ಇದಕ್ಕೆ ಬೇಡ ಅನ್ನುವುದಿಲ್ಲ.

ಸಾರ್ವಜನಿಕರ ಹಣದಿಂದ ಮಾಡಿಸಿದ ರಿಪೋರ್ಟ್ ಸಾರ್ವಜನಿಕರಿಗೆ ಸಿಗಬೇಕು ಅನ್ನುವುದಂತೂ ವಾದ ಮಾಡುವ ವಿಷಯವೇ ಅಲ್ಲ. ದೇಶದ ಭದ್ರತೆಯಂಥ ಕೆಲವು ವಿಷಯ ಬಿಟ್ಟರೆ ಉಳಿದದ್ದನ್ನೆಲ್ಲ ಪ್ರಕಟಿಸಬಹುದು. ಒಂದು ಇಲಾಖೆ ದುಡ್ಡು ಕೊಟ್ಟು ಕಲಿತದ್ದನ್ನು ಇನ್ನೊಂದು ಇಲಾಖೆ ಮತ್ತೆ ದುಡ್ಡು ಕೊಟ್ಟು ಕೊಳ್ಳುವುದು ಎಷ್ಟೋ ಕಡೆ ನಡೆಯುತ್ತದೆ, ಮೊದಲನೆಯ ರಿಪೋರ್ಟ್ ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿರುವುದರಿಂದ.

ಸಂಪಾದಕರೇ, ನಿಮ್ಮಲ್ಲಿ ಒಂದು ಕೋರಿಕೆ. ಸರ್ಕಾರವೋ ದೊಡ್ಡ ಸಂಸ್ಥೆಯೋ ಸಲಹೆಗಾರರನ್ನು ನೇಮಿಸಿದಾಗ ಫೀಸಿನ ಮೊತ್ತದ ಜೊತೆಗೆ, ಅವರ ಜೊತೆ ಕೆಲಸ ಮಾಡುವ ಒಳಗಿನವರು ಯಾರು, ರಿಪೋರ್ಟ್ ಯಾವಾಗ ಪ್ರಕಟವಾಗುತ್ತದೆ ಅಂತಲೂ ನಿಮ್ಮ ವರದಿಗಾರರು ಕೇಳಲಿ. ವರ್ಷ ಬಿಟ್ಟು ಅದೇ ಕಚೇರಿಗೆ ಹೋಗಿ ಆ ಕೆಲಸವನ್ನು ಈಗ ಯಾರು ಮಾಡುತ್ತಿದ್ದಾರೆ ಅಂತ ವಿಚಾರಿಸಿ ಬರೆಯಲಿ.

ಇಂತಿ,
ನಿಮ್ಮ ಓದುಗರಲ್ಲಿ ಒಬ್ಬಳು